ಒಡೆಯದ ಪೊಟ್ಟಣ

ಪ್ರಯೋಗಾಲಯದಲ್ಲಿ ಎಲ್ಲರೂ ಅವನನ್ನು ಗುಳ್ಳೆಯಣ್ಣ ಎನ್ನುತ್ತಿದ್ದರು. ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುವ ಅಗ್ಗದ ವೇಗವರ್ಧಕಕ್ಕಾಗಿ ಆರು ವರ್ಷ ಗಾಜಿನ ಪಾತ್ರೆಯ ಗುಳ್ಳೆಗಳನ್ನೇ ನೋಡುತ್ತ ಕೂತವನು. ಕೊನೆಗೂ ಅವನ ಮಾಲಿಬ್ಡಿನಮ್ ಸಲ್ಫೈಡ್ ದುಬಾರಿ ಪ್ಲಾಟಿನಂಗೆ ಸರಿಸಾಟಿಯಾಗಿ ನಿಂತಿತು; ಬಳಸಿದಷ್ಟೂ ಚುರುಕಾಗುತ್ತಿತ್ತು. ಲೇಖನ ಮುಗಿಸುವ ಮೊದಲೇ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕುಸಿದವನು ಮೇಲೇಳಲಿಲ್ಲ.

ಮುಗಿಸುವ ಹೊಣೆ ಪಕ್ಕದ ಮೇಜಿನ ಸಂಶೋಧಕಿಯ ಹೆಗಲಿಗೆ ಬಿತ್ತು. ಬಳಸಿದಷ್ಟೂ ಚುರುಕಾಗುತ್ತದೆ ಎಂಬ ಮಾತೇ ಅವಳ ಗಂಟಲಲ್ಲಿ ಮುಳ್ಳಾಯಿತು. ಬಳಸಿದ್ದು ಸವೆಯಬೇಕಲ್ಲವೇ? ವಿದ್ಯುತ್ ಹರಿಸಲು ಪಾತ್ರೆಯ ಎದುರು ತುದಿಯಲ್ಲಿ ಇಳಿಬಿಟ್ಟಿದ್ದದ್ದು ಪ್ಲಾಟಿನಂ ತಂತಿ. ಆ ತಂತಿಯೇ ಆಮ್ಲ ಬೆರೆಸಿದ ನೀರಿನಲ್ಲಿ ಇಷ್ಟಿಷ್ಟೇ ಕರಗಿ ಸಲ್ಫೈಡಿನ ಮೇಲೆ ಕೂರುತ್ತಿದ್ದರೆ? ತಂತಿಯ ಬದಲು ಇಂಗಾಲದ ಗ್ರಾಫೈಟ್ ಕಡ್ಡಿ ಹಾಕಿ ನೋಡೋಣವೆಂದು ಹುಡುಕಿದಾಗ, ಅವನ ಮೇಜಿನ ಖಾನೆಯಲ್ಲೇ ಒಂದು ಸಿಕ್ಕಿತು. ಪೊಟ್ಟಣ ಒಡೆದಿರಲಿಲ್ಲ. ತರಿಸಿದ ಚೀಟಿಯಲ್ಲಿ ಅವನದೇ ಸಹಿ, ಎಂಟು ತಿಂಗಳ ಹಿಂದಿನ ತಾರೀಖು.

ಹೊಸ ಸಲ್ಫೈಡ್ ತುಂಡಿನೆದುರು ಕಡ್ಡಿ ಇಳಿಸಿ ಮೂರು ದಿನ ಕಾದಳು. ಗುಳ್ಳೆಗಳು ಒಲ್ಲದ ಮನಸ್ಸಿನಿಂದ ಒಂದೊಂದಾಗಿ ಎದ್ದವು. ವೇಗ ತೋರಿಸುವ ಪರದೆಯ ಗೆರೆ ಮೇಲಕ್ಕೆ ಮಿಸುಕಲಿಲ್ಲ.

ನಾಲ್ಕನೆಯ ದಿನ ಅವನ ಸಾಮಾನು ಒಯ್ಯಲು ಹೆಂಡತಿ ಬಂದಳು. ಹೊಲಿಗೆಯವಳು, ಬೆರಳ ತುದಿಯಲ್ಲೆಲ್ಲ ಸೂಜಿಯ ಗುರುತು. ಅವನ ಸ್ವೆಟರನ್ನು ಮಡಚಿ ಚೀಲಕ್ಕಿಡುತ್ತ ಕೇಳಿದಳು, “ಅವ್ರು ಬರೆದದ್ದು ಯಾವಾಗ ಅಚ್ಚಾಗುತ್ತೆ?”

“ಆಗಲ್ಲ, ಅಕ್ಕಾ. ಕೆಲಸ ಮಾಡ್ತಿದ್ದದ್ದು ಪ್ಲಾಟಿನಂ. ಅವ್ರ ಸಲ್ಫೈಡ್ ಅಲ್ಲ.”

ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. “ಮಗಳು ಜ್ವರದಲ್ಲಿ ಮಲಗಿದ್ದಾಗ್ಲೂ ಇಲ್ಲೇ ಇದ್ರು. ಇನ್ನೇನು ಕೈಗೆ ಬಂತು ಅಂತಿದ್ರು.” ತಲೆಯೆತ್ತಿ, “ಅವ್ರಿಗೆ ಗೊತ್ತಿತ್ತಾ?” ಎಂದಳು.

ಸಂಶೋಧಕಿಯ ನಾಲಿಗೆ ತುದಿಗೆ ಸುಳ್ಳು ಬಂದಿತ್ತು. ನುಂಗಿಕೊಂಡಳು.

“ಅನುಮಾನ ಇತ್ತು ಅನ್ಸುತ್ತೆ. ಎಂಟು ತಿಂಗಳ ಹಿಂದೇನೇ. ಪರೀಕ್ಷೆ ಮಾಡೋಕೆ ಧೈರ್ಯ ಬರ್ಲಿಲ್ಲ.”

“ಎಂಟು ತಿಂಗಳು…” ಹೆಂಡತಿಯ ಮುಖ ಬಿಳಿಚಿತು. “ಆವಾಗ್ಲಿಂದ್ಲೇ ಊಟ ಸೇರ್ತಿರ್ಲಿಲ್ಲ, ಮಾತಿಲ್ಲ. ನಾನು ಬೇರೆ ಯಾರೋ ಇದ್ದಾರೆ ಅಂದ್ಕೊಂಡೆ. ನೀವೇ ಅಂದ್ಕೊಂಡೆ. ಅವ್ರು ಹೋದ ದಿನ ಬೆಳಿಗ್ಗೇನೂ ಬಾಯಿಗೆ ಬಂದ ಹಾಗೆ ಬೈದೇ ಕಳಿಸಿದ್ದು.”

ಸಂಶೋಧಕಿ ಕೈ ಚಾಚಿದಳು. ಹೆಂಡತಿ ಅದನ್ನು ಹಿಡಿಯಲಿಲ್ಲ, ಚೀಲವನ್ನು ಎದೆಗವಚಿಕೊಂಡು, ಗೋಡೆ ಸವರುತ್ತ ಮೆಟ್ಟಿಲಿಳಿದು ಹೋದಳು.

ಸಂಜೆ ಸಂಶೋಧಕಿ ಗ್ರಾಫೈಟ್ ಕಡ್ಡಿಯಿಂದ ಕಂಡದ್ದನ್ನೆಲ್ಲ ಬರೆದು ಮೇಲಧಿಕಾರಿಗೆ ಕೊಟ್ಟಳು. ಆತ ಒಂದೇ ಪುಟ ಓದಿ, “ಸೋಮವಾರದೊಳಗೆ ಗುಳ್ಳೆಯಣ್ಣನ ಮೇಜು ಖಾಲಿ ಮಾಡಿಸಿ” ಎಂದ.