ಅಡ್ಡಗೀಟು

ಯಾನಿಕೆ ಎರಡು ಬೀಗಗಳನ್ನು ಮೇಜಿನ ಮೇಲಿಟ್ಟು, ವರನ ಕಡೆಯವರಿಗೆ ಫೋಟೋ ತೋರಿಸಿದವಳಂತೆ ಹಿಂದಕ್ಕೆ ಸರಿದು ಕೂತಳು.

"ನೀವೇ ಹೇಳಿ ಹೆಲ್ಗೆ. ಮೂವತ್ತೊಂದು ವರ್ಷ ಈ ಮನೆಗಳ ಕೀಲಿ ಹೊತ್ತವರು ನೀವು. ನೀವು ಹೇಳಿದ್ದನ್ನೇ ಮೇಲಿನವರಿಗೆ ಬರೀತೀನಿ."

ಹೆಲ್ಗೆ ಕಾಫಿ ಹೀರಿದ. ನೋರ್ಶೋಪಿಂಗ್ ಪಟ್ಟಣದ ಹೊಳೆದಂಡೆಯ ಆ ಬಾಡಿಗೆ ಕಟ್ಟಡದಲ್ಲಿದ್ದ ನಲವತ್ತೆಂಟು ಮನೆಗಳಿಗೂ ಅವನೊಬ್ಬನೇ ಕೇರ್‌ಟೇಕರ್. ಯಾನಿಕೆ ಮಾಲೀಕರು ಕಳಿಸಿದ ಹೊಸ ಮ್ಯಾನೇಜರ್. ಅವನು ಈ ಕೆಲಸಕ್ಕೆ ಸೇರಿದ ವರ್ಷವೇ ಅವಳು ಹುಟ್ಟಿದ್ದು. ಅದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಮಾತೆತ್ತುತ್ತಿರಲಿಲ್ಲ.

ಮೊದಲನೆಯ ಬೀಗ ಈಗಿನದರ ತಮ್ಮನೇ. ಹಿಡಿಯ ಮೇಲೊಂದು ಪುಟ್ಟ ದುಂಡನೆಯ ರಂಧ್ರ, ಅದರೊಳಗೊಂದು ಗೀಟು. ಗೀಟು ನೆಟ್ಟಗಿದ್ದರೆ ಕೇರ್‌ಟೇಕರನ ಕೀಲಿ ಆ ಬಾಗಿಲಲ್ಲಿ ತಿರುಗುವುದಿಲ್ಲ. ನಲ್ಲಿ ಸೋರುತ್ತಿದೆ, ಕಿಟಕಿ ಹಾಕಲಾಗುತ್ತಿಲ್ಲ ಎಂದು ಚೀಟಿ ಹಾಕಿದವರು ಕೆಲಸಕ್ಕೆ ಹೊರಡುವಾಗ ತಮ್ಮಲ್ಲಿರುವ ಸಣ್ಣ ಕೀಲಿಯಿಂದ ಆ ಗೀಟನ್ನು ಅಡ್ಡ ತಿರುಗಿಸಿ ಹೋಗಬೇಕು. ಅಡ್ಡಗೀಟೆಂದರೆ: ನಾನಿಲ್ಲ, ನೀನು ಒಳಗೆ ಬಾ.

ಎರಡನೆಯದಕ್ಕೆ ಗೀಟೂ ಇಲ್ಲ, ರಂಧ್ರವೂ ಇಲ್ಲ. ಒಂದು ಕಪ್ಪು ಕಣ್ಣು. ಕೋಟಿನ ಗುಂಡಿಯಷ್ಟು ದೊಡ್ಡ ಬಿಲ್ಲೆಯನ್ನು ಮುಟ್ಟಿಸಿದರೆ ತೆರೆಯುತ್ತದೆ. ಯಾರು ಎಷ್ಟು ಹೊತ್ತಿಗೆ ಒಳಗೆ ಹೋದರೆಂದು ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ಬಿಲ್ಲೆ ಕಳೆದರೆ ಕೂತಲ್ಲಿಂದಲೇ ಅದನ್ನು ಸಾಯಿಸಬಹುದು. ಅದು ಬಂದರೆ ಮನೆಯೊಳಗಿನ ರಿಪೇರಿಯೆಲ್ಲ ಗುತ್ತಿಗೆಯವರಿಗೆ. ಪಿಂಚಣಿಗೆ ಉಳಿದ ಎರಡು ವರ್ಷ ಹೆಲ್ಗೆಗೆ ಅಂಗಳ, ಹಿಮ ಮತ್ತು ಕಸದ ಡಬ್ಬಿಗಳು.

"ನಾಳೆ ಹೇಳ್ತೀನಿ," ಎಂದ ಹೆಲ್ಗೆ.

"ಇದರಲ್ಲಿ ಯೋಚನೆ ಮಾಡೋದೇನಿದೆ?"

ಯೋಚನೆ ಮಾಡುವುದಿತ್ತು. ಅದು ಮೂರನೇ ಅಂತಸ್ತಿನಲ್ಲಿತ್ತು.

ಅಲ್ಲಿನ ಎಡಗಡೆಯ ಮನೆ ಗುನಿಲ್ಲಾಳದು. ವಯಸ್ಕರ ಶಾಲೆಯಲ್ಲಿ ಗಣಿತ ಹೇಳಿಕೊಡುವ, ಅರವತ್ತರ ಹತ್ತಿರದ ಒಂಟಿ ಹೆಂಗಸು. ಆರು ವರ್ಷದ ಹಿಂದೆ ಅವಳ ಅಡುಗೆಮನೆಯ ನಲ್ಲಿ ನಿಜವಾಗಿಯೇ ಕೆಟ್ಟಿತ್ತು. ಅಡ್ಡಗೀಟು ನೋಡಿ ಹೆಲ್ಗೆ ಒಳಗೆ ಹೋದರೆ ಮೇಜಿನ ಮೇಲೆ ಫ್ಲಾಸ್ಕು, ಒಂದು ಲೋಟ, ಬಟ್ಟೆ ಮುಚ್ಚಿದ ದಾಲ್ಚಿನ್ನಿ ಬನ್ನು, ಒಂದು ಚೀಟಿ: 'ನಲ್ಲಿ ಬಿಡುವಿಲ್ಲದೆ ಮಾತಾಡುತ್ತದೆ. ಕಾಫಿ ಬಿಸಿಯಿದೆ.' ಅವನು ಅದರ ಬೆನ್ನಿಗೆ ಬರೆದ: 'ಬಾಯಿ ಮುಚ್ಚಿಸಿದ್ದೇನೆ. ಬನ್ನು ಚೆನ್ನಾಗಿತ್ತು.' ಆಮೇಲೆ ತಿಂಗಳ ಕೊನೆಯ ಮಂಗಳವಾರ ಬಂತೆಂದರೆ ಆ ಮನೆಯಲ್ಲಿ ಏನಾದರೊಂದು ಕೆಡುತ್ತಲೇ ಬಂತು. ಕಿಟಕಿಯ ಕೊಕ್ಕೆ, ಒಲೆಯ ಗುಂಡಿ, ಕಪಾಟಿನ ತಿರುಗಣಿ, ಮತ್ತೆ ನಲ್ಲಿ. ಒಂದು ಸಲ ನಲ್ಲಿಯ ತಿರುಪಿನ ಮೇಲೆ ಇಕ್ಕಳದ ಹೊಸ ಗುರುತು ಕಂಡಿತು. ಕೆರೆದಲ್ಲಿ ಹಿತ್ತಾಳೆ ಇನ್ನೂ ಹೊಳೆಯುತ್ತಿತ್ತು. ಗಣಿತದ ಮೇಡಂ ಇಕ್ಕಳ ಹಿಡಿದು ಸಿಂಕಿನ ಕೆಳಗೆ ಬಾಗಿದ್ದನ್ನು ಊಹಿಸಿಕೊಂಡು ಹೆಲ್ಗೆ ತುಸು ಹೊತ್ತು ನೆಲದ ಮೇಲೇ ಕೂತಿದ್ದ. ಆಮೇಲೆ ಬಿಗಿ ಮಾಡಿದ. ಪೂರ್ತಿ ಬಿಗಿ ಮಾಡಲಿಲ್ಲ.

ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಹವೆಯ ವಿಚಾರ ಮಾತಾಡುತ್ತಿದ್ದರು. ಎದುರಾಗುವುದೂ ಅಪರೂಪವೇ. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಕೇಳಿದರೆ ಅದು ದಾಟಿಹೋಗುವ ತನಕ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಲ್ಲುವುದೇ ಆ ಕಟ್ಟಡದಲ್ಲಿ ಮರ್ಯಾದೆ. ಹೆಲ್ಗೆಯ ಮರ್ಯಾದೆಯೂ ಕಟ್ಟುನಿಟ್ಟು. ಗೀಟು ಅಡ್ಡವಿದ್ದರೂ ಗಂಟೆ ಒತ್ತಿ, ಇಪ್ಪತ್ತು ಎಣಿಸಿ, ಆಮೇಲೆ ಕೀಲಿ ಹಾಕಿ, "ಕೇರ್‌ಟೇಕರ್ ಬಂದಿದೀನಿ" ಎಂದು ಖಾಲಿ ಮನೆಗೆ ಕೂಗಿ ಹೇಳಿ, ಶೂ ಬಿಚ್ಚುತ್ತಿದ್ದ. ಹೆಂಡತಿ ಬಿಟ್ಟುಹೋಗಿ ಹನ್ನೊಂದು ವರ್ಷವಾಗಿದ್ದ ಅವನಿಗೆ, ಯಾರಾದರೂ ತನಗಾಗಿ ಬಟ್ಟೆ ಮುಚ್ಚಿಟ್ಟ ತಿಂಡಿ ಸಿಗುವುದು ತಿಂಗಳಿಗೆ ಅದೊಂದೇ ದಿನ.

ನೆಲ ಅಂತಸ್ತಿನ ಸ್ಟೂರೆ, ನಿವೃತ್ತ ಬಸ್ ಡ್ರೈವರ್, ಕಿಟಕಿಯಲ್ಲಿ ಕೂತು ಎಲ್ಲವನ್ನೂ ಲೆಕ್ಕವಿಡುವವನು, ಒಮ್ಮೆ ಕೇಳಿದ್ದ: "ಅಲ್ಲಪ್ಪಾ ಹೆಲ್ಗೆ, ನಮ್ಮ ಮನೆ ನಲ್ಲಿಗೆ ಇಪ್ಪತ್ತು ವರ್ಷದಿಂದ ಒಂದು ಕೆಮ್ಮಿಲ್ಲ. ಮೇಲಿನ ಮನೆಯದಕ್ಕೆ ಮಾತ್ರ ತಿಂಗಳು ತಿಂಗಳು ಜ್ವರ. ಡಾಕ್ಟ್ರು ಏನಂತಾರೆ?"

"ಹಳೇ ಪೈಪು," ಎಂದಿದ್ದ ಹೆಲ್ಗೆ.

"ಹೂಂ, ಪೈಪು ಹಳೇದೇ," ಎಂದು ಸ್ಟೂರೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ್ದ.

ಯಾನಿಕೆಯ ಕೋಣೆಯಿಂದ ಹೊರಬಂದ ಹೆಲ್ಗೆ ಹಳೆಯ ಬೀಗದ ಪರವಾಗಿ ಹೇಳಬಹುದಾದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡ. ಕರೆಂಟು ಹೋದರೆ? ಬ್ಯಾಟರಿ ಸತ್ತರೆ? ವಯಸ್ಸಾದವರು ಬಿಲ್ಲೆಯನ್ನು ಚಾಕೊಲೇಟ್ ಎಂದುಕೊಂಡರೆ? ವಕೀಲಿಕೆ ತಕ್ಕಮಟ್ಟಿಗೆ ನಡೆಯುತ್ತಿತ್ತು. ಎರಡನೇ ಅಂತಸ್ತಿಗೆ ಬಲ್ಬು ಹಾಕಲು ಹೋದಾಗ ಅದು ನಿಂತುಹೋಯಿತು.

ಅಲ್ಲಿ ಇಬ್ಬರು ಮಕ್ಕಳ ತಾಯಿಯೊಬ್ಬಳಿದ್ದಳು. ಅವಳು ಬಿಟ್ಟುಬಂದಿದ್ದ ಗಂಡ ಅವಳ ಕೀಲಿಗೆ ಕಳ್ಳ ನಕಲು ಮಾಡಿಸಿಕೊಂಡಿದ್ದ. ವಿಷಯ ತಿಳಿದ ದಿನವೇ ಹೆಲ್ಗೆ ಹೊಸ ಬೀಗಕ್ಕೆ ಬರೆದು ಹಾಕಿದ್ದ. ಆದರೆ ಇಡೀ ಕಟ್ಟಡದ ಕೀಲಿಗಳ ಜೊತೆ ಹೊಂದಿಸಿ ಬೀಗ ತಯಾರಾಗಿ ಬರಲು ಹದಿನಾರು ದಿನ ಹಿಡಿಯಿತು. ಅದನ್ನು ಜೋಡಿಸಲು ಹೋದಾಗ ಬಾಗಿಲ ಒಳಗಡೆ ನೆಲದ ಮೇಲೆ ನಾಲ್ಕು ಗೀರುಗಳಿದ್ದವು. ಪ್ರತಿ ಸಂಜೆ ಹಿಡಿಯ ಕೆಳಗೆ ಕುರ್ಚಿ ಒತ್ತಿ ನಿಲ್ಲಿಸಿದ ಗೀರು. ನೆಲ ಹಾಳಾಯಿತೆಂದು ಅವಳೇ ಅವನ ಕ್ಷಮೆ ಕೇಳಿದ್ದಳು.

ಮರುದಿನ ಹೆಲ್ಗೆ ಯಾನಿಕೆಯ ಮೇಜಿನ ಮೇಲಿದ್ದ ಕಪ್ಪು ಕಣ್ಣಿನ ಬೀಗವನ್ನು ಬೆರಳಿನಿಂದ ಅವಳ ಕಡೆಗೆ ತಳ್ಳಿದ.

"ಇದು."

"ನೀವು ಬೇಡ ಅಂತೀರಿ ಅಂದ್ಕೊಂಡಿದ್ದೆ."

"ನಾನೂ ಹಾಗೇ ಅಂದ್ಕೊಂಡಿದ್ದೆ."

ನೋಟಿಸನ್ನು ಅವನೇ ಬರೆದು ಅಂಟಿಸಿದ: ಅಕ್ಟೋಬರ್ ಎರಡು, ಗುರುವಾರ, ಬೀಗಗಳ ಬದಲಾವಣೆ. ದಯವಿಟ್ಟು ಬೆಳಿಗ್ಗೆ ಏಳರಿಂದ ಸಂಜೆ ನಾಲ್ಕರವರೆಗೆ ಗೀಟನ್ನು ಅಡ್ಡ ಇಡಿ. ಇನ್ನು ಮುಂದೆ ಗೀಟು ಇರುವುದಿಲ್ಲ. ಕೊನೆಯ ವಾಕ್ಯದ ಅಗತ್ಯವಿಲ್ಲ ಎಂದು ಯಾನಿಕೆ ಹೇಳಿದಳು. ಅವನು ಅಳಿಸಲಿಲ್ಲ.

ಗುರುವಾರಕ್ಕೆ ಮೊದಲು ಒಂದು ಮಂಗಳವಾರ ಇತ್ತು, ಸೆಪ್ಟೆಂಬರಿನ ಕೊನೆಯದು. ಕಡೆಯ ಸಲ ಏನು ಕೆಡಬಹುದೆಂದು ಹೆಲ್ಗೆ ವಾರವಿಡೀ ಯೋಚಿಸಿದ್ದ. ಕ್ಷೌರ ಕೂಡ ಮಾಡಿಸಿಕೊಂಡ. ಚೀಟಿ ಬರಲಿಲ್ಲ. ಮಧ್ಯಾಹ್ನ ಕಾರಣವೊಂದನ್ನು ಹುಟ್ಟಿಸಿಕೊಂಡು ಮೂರನೇ ಅಂತಸ್ತಿಗೆ ಹತ್ತಿದರೆ ಗೀಟು ನೆಟ್ಟಗೆ, ಕವಾಯತಿಗೆ ನಿಂತ ಹಾಗೆ ನಿಂತಿತ್ತು. ಇಳಿದು ಅಂಗಳ ದಾಟುವಾಗ ಸ್ಟೂರೆ ಕಿಟಕಿಯಿಂದ ಅವನ ಕ್ಷೌರದ ತಲೆ ನೋಡಿದ. ಎಂದಿಲ್ಲದ ಸೌಜನ್ಯದಿಂದ, ಏನೂ ಹೇಳಲಿಲ್ಲ.

ಗುರುವಾರ ಗುತ್ತಿಗೆಯ ಇಬ್ಬರು ಹುಡುಗಿಯರು ಪೆಟ್ಟಿಗೆ ಹೊತ್ತು ಬಂದರು. ನಲವತ್ತೇಳು ಬಾಗಿಲುಗಳಲ್ಲಿ ಗೀಟು ಅಡ್ಡವಿತ್ತು. ಯಾವ ನೋಟಿಸನ್ನೂ ಓದದ ಸ್ಟೂರೆಯ ಬಾಗಿಲಲ್ಲೂ. ನೆಟ್ಟಗಿದ್ದದ್ದು ಗುನಿಲ್ಲಾಳದೊಂದೇ.

"ಇದು ಬಿಡೋಣ. 'ಪ್ರವೇಶ ಸಿಗಲಿಲ್ಲ' ಅಂತ ಬರೀತೀನಿ," ಎಂದಳು ಒಬ್ಬಳು.

"ನೀವು ನಾಲ್ಕನೇ ಅಂತಸ್ತಿಗೆ ಹೋಗಿ. ಇದನ್ನ ನಾನು ನೋಡ್ಕೋತೀನಿ," ಎಂದ ಹೆಲ್ಗೆ.

ಅವಳು ಮರೆತಿರಲಾರಳು, ಮರೆಯುವ ಹೆಂಗಸಲ್ಲ. ಹಾಗಾದರೆ ಕೋಪ. ಬೀಗ ಆರಿಸಿದ್ದು ಇವನೇ ಎಂದು ತಿಳಿದಿರಬೇಕು. ಸ್ಟೂರೆ ಇರುವ ಕಡೆ ಯಾವ ಸುದ್ದಿ ನಿಲ್ಲುತ್ತದೆ? ಸೊಂಟದ ಗೊಂಚಲಿನ ಕೀಲಿಗಳಲ್ಲಿ ಒಂದೂ ಇಲ್ಲಿ ತಿರುಗುವಂತಿರಲಿಲ್ಲ. ಮೂವತ್ತೊಂದು ವರ್ಷದ ಅಭ್ಯಾಸಬಲದಿಂದ ಗಂಟೆ ಒತ್ತಿ ಎಣಿಸತೊಡಗಿದ. ಹದಿನಾಲ್ಕಕ್ಕೆ ಬಾಗಿಲು ಒಳಗಿನಿಂದ ತೆರೆಯಿತು.

ಗುನಿಲ್ಲಾ ನೀಲಿ ಉಲ್ಲನ್ ಅಂಗಿ ತೊಟ್ಟು ನಿಂತಿದ್ದಳು. ಶಾಲೆಯ ವೇಳೆ.

"ಗೀಟು ತಿರುಗಿಸಿರಲಿಲ್ಲ," ಎಂದ ಅವನು.

"ಇಲ್ಲ."

"ನೋಟಿಸು..."

"ಓದಿದೆ. ಅಡ್ಡ ಇದ್ದಿದ್ರೆ ನೀವು ಇಪ್ಪತ್ತು ಎಣಿಸಿ ನೀವೇ ಒಳಗೆ ಬಂದುಬಿಡ್ತಿದ್ರಿ."

ಹೆಲ್ಗೆ ಉಪಕರಣದ ಪೆಟ್ಟಿಗೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ನಾನು ಎಣಿಸೋದು ನಿಮಗೆ ಹೇಗೆ ಗೊತ್ತು?"

ಅವಳ ಕಿವಿ ಕೆಂಪಾಯಿತು. ಆದರೂ ಗಣಿತದವಳು, ಉತ್ತರ ತಪ್ಪಿಸಲಿಲ್ಲ. "ಎರಡು ಸಲ ಮನೇಲೇ ಇದ್ದೆ. ಮಲಗೋ ಕೋಣೇಲಿ. ಗಟ್ಟಿಯಾಗಿ ಎಣಿಸ್ತೀರಿ. ಒಂದು ಸಲ ಹದಿನೇಳಕ್ಕೇ ಕೀಲಿ ಹಾಕಿದ್ರಿ."

"ಅವತ್ತು ಬನ್ನಿನ ವಾಸನೆ ಮೆಟ್ಟಿಲವರೆಗೂ ಬಂದಿತ್ತು."

"ಹಾಗಂತ ಮೂರು ನುಂಗಬಹುದಾ?"

ಅವನು ಶೂ ಬಿಚ್ಚಿದ. ಮೊಣಕಾಲೂರಿ ತಿರುಪುಗಳನ್ನು ಒಂದೊಂದಾಗಿ ಸಡಿಲಿಸಿದ. ಗೀಟು ನೆಟ್ಟಗಿದ್ದ ಹಾಗೆಯೇ ಹಳೆಯ ಬೀಗ ಕಳಚಿ ಅಂಗೈಗೆ ಬಂತು, ತುಸು ಬೆಚ್ಚಗೆ. ಅದನ್ನು ಹಳೆಯ ಬೀಗಗಳ ಡಬ್ಬಿಗೆ ಹಾಕಬೇಕಿತ್ತು. ಜೇಬಿಗೆ ಹಾಕಿಕೊಂಡ. ಹೊಸದು ಇನ್ನೂ ರಟ್ಟಿನ ಪೆಟ್ಟಿಗೆಯಲ್ಲೇ ಇತ್ತು.

"ಮೊದಲು ಕಾಫಿ. ಇವತ್ತು ಫ್ಲಾಸ್ಕಿನದಲ್ಲ," ಎಂದಳು ಗುನಿಲ್ಲಾ.

ಮೇಜಿನ ಮೇಲೆ ಎರಡು ಲೋಟಗಳಿದ್ದವು. ನಲ್ಲಿ ತೊಟ್ಟಿಕ್ಕುತ್ತಿತ್ತು, ಇಬ್ಬರೂ ಅದರ ಮಾತೆತ್ತಲಿಲ್ಲ. ಮೇಲಿನಿಂದ ಹುಡುಗಿಯೊಬ್ಬಳು ಮೂರನೆಯದು ಮುಗಿಯಿತೇ ಎಂದು ಕೂಗಿ ಕೇಳಿದಳು. ಬಾಗಿಲಲ್ಲಿ ಬೀಗವಿದ್ದ ಜಾಗದ ದುಂಡು ತೂತಿನಿಂದ ಮೆಟ್ಟಿಲ ದೀಪದ ಬೆಳಕು ಒಳಬಂದು, ಹಜಾರದ ನೆಲದ ಮೇಲೆ ಜೋಡಿಸಿಟ್ಟ ನಾಲ್ಕು ಶೂಗಳ ಪಕ್ಕ ಬಿಲ್ಲೆಯಷ್ಟಗಲ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ಆ ದೀಪ, ಅದರ ಪದ್ಧತಿಯಂತೆ, ತನ್ನಷ್ಟಕ್ಕೆ ಆರಿತು. ಇಬ್ಬರೂ ಏಳಲಿಲ್ಲ.