ಒಣ ಪಾಳಿ

“ಲೇ ಛಕ್ಕಾ, ಚಹಾ ಕುಡ್ಯಾಕ ನನ್ನ ರೆಸಾರ್ಟ ಬೇಕೇನ ನಿನಗ? ನಿಮ್ಮಪ್ಪ ಇದನ್ನ ಚಾದಂಗಡಿ ಅಂತ ಕಟ್ಟಿಸ್ಯಾನೇನ?”

ಜ್ಯೋತಿಬಾ ಸಾವಕಾರ ಇಶ್ರತಳ ಥರ್ಮಾಸಿಗೆ ಒದ್ದ. ಅದು ಮೆಟ್ಟಿಲ ಮೇಲಿಂದ ಉರುಳಿ ಗೇಟಿನ ತನಕ ಹೋಯಿತು. ಸ್ಟೀಲಿನದಾದ್ದರಿಂದ ಒಡೆಯಲಿಲ್ಲ. ಅವಳು ಎತ್ತಿಕೊಳ್ಳಲು ಬಗ್ಗಿದಾಗ ಅವನು ಅವಳ ಬಗಲಚೀಲವನ್ನೂ ಕಿತ್ತುಕೊಂಡು ವಾಚಮನ್ನನ ಟೇಬಲ್ಲಿನ ಮೇಲೆ ಸುರುವಿದ. ನಿರೋಧ್ ಪಾಕೀಟುಗಳು, ಓಆರ್‌ಎಸ್ ಪುಡಿ, ಗ್ಲುಕೋಸ್ ಬಿಸ್ಕೀಟು, ಒಂದು ಕೆಂಪು ಲಿಪ್‌ಸ್ಟಿಕ್ ಬಿದ್ದವು.

“ಪೊಲೀಸರು ಈ ಪಾಕೀಟು ನೋಡಿದ್ರ ಏನಂತಾರ? ಇಲ್ಲಿ ಧಂದೆ ನಡೀತೈತಿ ಅಂತಾರ, ಹಲ್ಕಟ್ ರಂಡೆ.”

ಇಲ್ಲಿ ಧಂದೆ ನಡೆಯುವುದು ಪೊಲೀಸರಿಗೆ ಗೊತ್ತಿತ್ತು. ಪಾಕೀಟಿಲ್ಲದೆ ನಡೆದರೆ ಅವರದೇನೂ ಅಭ್ಯಂತರವಿರಲಿಲ್ಲ.

“ಇನ್ನೊಂದು ಮಾತು. ಇವತ್ತಿಂದ ಒಳಗ ಬರಾವ್ರು ಎಲ್ಲಾರೂ ಕುಡೀಬೇಕು. ಕುಡೀದ ಕಣ್ಣು ನನ್ನ ಪಾರ್ಟಿಯೊಳಗ ಬ್ಯಾಡ. ಹ್ವಾದ ಸಲ ಸಾಹೇಬ್ರು ನನಗ ಬೈದ್ರು.”

“ನಂದು ಪಾಳಿ ಐತ್ರೀ ಸಾವಕಾರ್ರ,” ಎಂದಳು ಇಶ್ರತ.

“ಪಾಳಿ ಗೀಳಿ ನಿನ್ನ ಕುಂಡಿ ಕೆಳಗ ಇಟ್ಕೊ. ಕುಡೀತೀಯೋ, ಮೂರೂ ಮಂದಿ ಹೊಳ್ಳಿ ಹೋಗ್ತೀರೋ?”

ಹಿಂದೆ ನಿಂತಿದ್ದ ಸುನಂದಾ ಮತ್ತು ದ್ರಾಕ್ಷಾಯಣಿ ಇಶ್ರತಳ ಮುಖ ನೋಡಿದರು. ಅಂಬೇವಾಡಿಯ ಒಂದೇ ಕೋಣೆಯಲ್ಲಿ ಮೂವರೂ ಬಾಡಿಗೆಗಿದ್ದರು. ಇವರಂಥವರಿಗೆ ಕೋಣೆ ಕೊಟ್ಟ ಮನೆ ದಾಂಡೇಲಿಯಲ್ಲಿ ಅದೊಂದೇ. ಇಶ್ರತ ಪಾಕೀಟುಗಳನ್ನು ಅಲ್ಲೇ ಬಿಟ್ಟು ಲಿಪ್‌ಸ್ಟಿಕ್ ಒಂದನ್ನೇ ಎತ್ತಿಕೊಂಡು ಒಳಗೆ ನಡೆದಳು.

ಕೋಗಿಲಬನದ ಕಡೆ ಕಾಳಿ ನದಿಯ ದಂಡೆಯ ಆ ರೆಸಾರ್ಟಿನಲ್ಲಿ ಬೆಳಿಗ್ಗೆ ಕುಟುಂಬದವರು ರಬ್ಬರ್ ದೋಣಿಯಲ್ಲಿ ತೇಲುತ್ತಾರೆ. ಊಟದ ಹೊತ್ತಿಗೆ ಹಿಂದಿನ ದೊಡ್ಡ ಹಾಲ್‌ನ ಕಿಟಕಿಗಳಿಗೆಲ್ಲ ಕರಿ ಪ್ಲಾಸ್ಟಿಕ್ಕು ಬಡಿದು ರಾತ್ರಿ ಮಾಡುತ್ತಾರೆ. ಕತ್ತಲಾದ ಮೇಲೆ ಜೋರು ಹಾಡು ಹಾಕಿದರೆ ಕಾಡಿನ ಹುಲಿಗೆ ನಿದ್ದೆ ಕೆಡುತ್ತದೆ, ಅರಣ್ಯದವರು ಬರುತ್ತಾರೆ. ಹುಲಿಯ ನಿದ್ದೆಗೆ ಕಾನೂನಿದೆ. ಆದ್ದರಿಂದ ಇಲ್ಲಿ ಭಾನುವಾರದ ರಾತ್ರಿ ಮಟಮಟ ಮಧ್ಯಾಹ್ನವೇ ಆಗುತ್ತಿತ್ತು.

ಬರುವವರೆಲ್ಲ ಗಂಡಸರು. ಹುಬ್ಬಳ್ಳಿ, ಬೆಳಗಾವಿ, ಗೋವಾ ಕಡೆಯವರು. ವಾರವಿಡೀ ಗಂಡ, ಅಪ್ಪ, ಮ್ಯಾನೇಜರ್ ಆಗಿದ್ದು ದಣಿದು, ಅರ್ಧ ದಿನ ತಮಗೆ ಬೇಕಾದ ಗಂಡಸಿನ ಕೈ ಹಿಡಿದು ಕುಣಿಯಲು ಬರುವವರು. ಅವರ ನಾಚಿಕೆ ಬಿಡಿಸಿ ಕುಣಿತ ಶುರು ಮಾಡಿಸಲು, ಆಮೇಲೆ ಕೋಣೆಗೆ ಕರೆದವರ ಹಿಂದೆ ಹೋಗಲು ಅಂಬೇವಾಡಿಯ ಈ ಮೂವರು.

ಒಣ ಪಾಳಿ ಎಂದರೆ, ಮೂವರಲ್ಲಿ ಒಬ್ಬಳು ಅಂದು ಏನನ್ನೂ ಮುಟ್ಟಬಾರದು. ಬಾಗಿಲ ಬದಿ ಚಹಾ ಕುಡಿಯುತ್ತ ಕೂತು ಎಲ್ಲರನ್ನೂ ನೋಡುತ್ತಿರಬೇಕು. ಹೆಸರಿಗೆ ಪಾಳಿ, ಕೂರುತ್ತಿದ್ದವಳು ಯಾವಾಗಲೂ ಇಶ್ರತಳೇ. ಪಾಳಿ ಎಂಬ ಮಾತು ಇಶ್ರತಳ ಅಪ್ಪ ಹಾಶಿಮನದು. ಆಯುಷ್ಯವೆಲ್ಲ ಊರಿನ ಕಾಗದದ ಮಿಲ್ಲಿನಲ್ಲಿ ಬಾಯ್ಲರಿನ ಒತ್ತಡ ತೋರಿಸುವ ಮುಳ್ಳು ನೋಡುತ್ತ ಕೂತವನು ಅವನು. ಎಲ್ಲಾರೂ ದುಡಿದ್ರ ಮುಳ್ಳು ನೋಡಾವ್ರು ಯಾರು ಎನ್ನುತ್ತಿದ್ದ. ಮಗ ಸೀರೆ ಉಟ್ಟ ದಿನದಿಂದ ಅವನು ಮಾತು ಬಿಟ್ಟಿದ್ದ, ಅವಳು ಮಾತ್ರ ಅವನ ಮಾತು ಬಿಟ್ಟಿರಲಿಲ್ಲ.

ಈ ಪಾಳಿ ಶುರುವಾದದ್ದು ಇವರ ಜೊತೆಗಿದ್ದ ಶೈಸ್ತಾ ಸತ್ತ ಮೇಲೆ. ಇಂಥದೇ ಪಾರ್ಟಿಯಲ್ಲಿ ಶೈಸ್ತಾ ಅಂಗಾತ ಮಲಗಿದ್ದಳು. ಎಲ್ಲರೂ ನಶೆಯಲ್ಲಿದ್ದರು. ನಿದ್ದೆ ಬಂದಿದೆ ಎಂದು ಯಾರೋ ಅವಳಿಗೆ ದುಪ್ಪಟಿ ಹೊದಿಸಿದರು. ಹೊದಿಸಿದವಳು ಇಶ್ರತ.

ಗೋವಾದವರು ಸಣ್ಣ ಬಾಟಲಿಯಲ್ಲಿ ನೀರಿನಂಥದೊಂದು ತರುತ್ತಿದ್ದರು. ಅದಕ್ಕೆ ಏನೋ ಹೆಸರಿದೆ, ಇವರು ಹನಿ ಎನ್ನುತ್ತಿದ್ದರು. ಮೈ ಹಗುರಾಗುತ್ತದೆ, ಹೆದರಿಕೆ ಹೋಗುತ್ತದೆ. ಅದರ ಮೇಲೆ ಹೆಂಡ ಬಿದ್ದರೆ ಉಸಿರೂ ಹೋಗುತ್ತದೆ. ಬೇಡ ಎಂದು ಇಶ್ರತ ಯಾರಿಗೂ ಹೇಳಿದವಳಲ್ಲ. ಬೇಡ ಎಂದರೆ ಮರೆಯಲ್ಲಿ ತೆಗೆದುಕೊಳ್ಳುತ್ತಾರೆ, ಮರೆಯಲ್ಲಿ ಬಿದ್ದವರು ಕಣ್ಣಿಗೆ ಬೀಳುವುದಿಲ್ಲ. ಹನಿ ತೆಗೆದುಕೊಂಡವರ ಮುಂಗೈ ಮೇಲೆ ಲಿಪ್‌ಸ್ಟಿಕ್ಕಿನಿಂದ ಒಂದು ಗೀಟು ಎಳೆಯುತ್ತಿದ್ದಳು, ಅಷ್ಟೆ. ಗೀಟಿದ್ದ ಕೈಗೆ ಯಾರೂ ಹೆಂಡದ ಗ್ಲಾಸು ಕೊಡುವಂತಿರಲಿಲ್ಲ. ಇಲ್ಲಿಯ ತನಕ ಯಾರೂ ಕೊಟ್ಟಿರಲಿಲ್ಲ.

ಅವಳು ಕುಡಿಯುವುದಿಲ್ಲ ಎಂಬ ನಂಬಿಕೆಯಿಂದಲೇ ಗಂಡಸರು ಮದುವೆಯ ಉಂಗುರ ಬಿಚ್ಚಿ ಅವಳ ಕೈಗೆ ಕೊಟ್ಟು ಒಳಗೆ ಹೋಗುತ್ತಿದ್ದರು. ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋಗುವಾಗ ಮರಳಿ ಕೊಡುತ್ತಿದ್ದಳು. ಅಂದೂ ಕೊಟ್ಟರು. ಹಳಿಯಾಳದ ಟ್ರ್ಯಾಕ್ಟರ್ ಮೆಕ್ಯಾನಿಕ್ ದಾನಿಶ ಕೊಟ್ಟ. ಕೊನೆಗೆ ಅಡಿವೆಯ್ಯ ಸಾಹೇಬ ಬಂದ. ಯಾವುದೋ ಸರ್ಕಾರಿ ಖಾತೆಯ ಸಾಹೇಬ. ಅವನ ಸಹಿಯಿಲ್ಲದೆ ಸಾವಕಾರನ ರೆಸಾರ್ಟಿಗೆ ಲೈಸೆನ್ಸಿಲ್ಲ. ಮಾವ ಹಾಕಿದ ಕೆಂಪು ಹರಳಿನ ಉಂಗುರ ಬಿಚ್ಚಿ ಅವಳ ಅಂಗೈಯಲ್ಲಿಟ್ಟ.

“ಜ್ವಾಕಿ,” ಎಂದ. ನಂತರ ಗ್ಲಾಸು ತುಂಬಿಸಿದ. “ಇವತ್ತ ಕುಡೀಬೇಕಂತಲ್ಲ ನೀನು? ನಿಮ್ಮ ಮಂದೀಗೆ ಹರಾಮ್ ಅಲ್ಲೇನ ಇದು?”

“ಹರಾಮ್ ಮಾತಲ್ರೀ ಸಾಹೇಬ್ರ. ಪಾಳಿ.”

“ಮೂಲ್ಯಾಗ ಕುಂತು ಪಿಳಿಪಿಳಿ ನೋಡ್ತೀಯಲ್ಲ, ನನ್ನ ನಶೆ ಇಳೀತೈತಿ. ಬಾಯಿ ತಗಿ.”

ಸಾವಕಾರ ಹಿಂದಿನಿಂದ ಅವಳ ಜಡೆ ಹಿಡಿದು ತಲೆ ಎತ್ತಿದ. ಸಾಹೇಬ ಗದ್ದ ಹಿಡಿದು ಹೊಯ್ದ. ಮೂಗಿಗೂ ಹೋಯಿತು. ಸುತ್ತ ನಿಂತವರು ಚಪ್ಪಾಳೆ ಹೊಡೆದರು. ಒಂದಾದ ಮೇಲೆ ಇನ್ನೊಂದು, ಅದಾದ ಮೇಲೆ ಮತ್ತೊಂದು. ದಾನಿಶ ಮಾತ್ರ “ಬಿಡ್ರಿ, ಸಾಕು” ಎಂದ. ಹಾಡಿನ ಗದ್ದಲದಲ್ಲಿ ಅದು ಅವನಿಗೇ ಕೇಳಿಸಿರಲಿಕ್ಕಿಲ್ಲ.

ವರ್ಷಗಟ್ಟಲೆ ಹೆಂಡ ಮುಟ್ಟದ ಹೊಟ್ಟೆ. ಬೇಗ ಏರಿತು. ಇಶ್ರತಳಿಗೆ ನಗು ಬಂತು. ಎದ್ದು ಕುಣಿದಳು. ಆದರೂ ತನಗೊಂದು ಕೆಲಸವಿದೆ ಎಂಬುದು ಎಲ್ಲೋ ನೆನಪಿತ್ತು. ಲಿಪ್‌ಸ್ಟಿಕ್ ತೆಗೆದು ಎದುರು ಸಿಕ್ಕವರ ಮುಂಗೈ ಮೇಲೆ ಗೀಟು ಎಳೆದಳು. ಹನಿ ತೆಗೆದುಕೊಂಡವರಿಗೂ ಎಳೆದಳು, ತೆಗೆದುಕೊಳ್ಳದವರಿಗೂ ಎಳೆದಳು. ಗಂಡಸರಿಗೆ ಅದೇ ಮೋಜಾಯಿತು, “ನನಗ, ನನಗ” ಎಂದು ಕೈ ಚಾಚಿ ಸಾಲು ನಿಂತರು. ಸಾವಕಾರನ ಹಣೆಗೂ ಒಂದು ಎಳೆದಳು. ಸ್ವಲ್ಪ ಹೊತ್ತಿಗೆ ಹಾಲ್‌ನಲ್ಲಿ ಗೀಟಿಲ್ಲದ ಕೈಯೇ ಉಳಿಯಲಿಲ್ಲ. ಗೀಟು ನೋಡಿ ಗ್ಲಾಸು ಕೊಡುವ ಲೆಕ್ಕ ಅಲ್ಲಿಗೆ ಮುಗಿಯಿತು.

ದ್ರಾಕ್ಷಾಯಣಿಗೆ ಯಾರೋ ಹನಿ ಕೊಟ್ಟಿದ್ದರು. ಗೀಟಿದ್ದ ಅವಳ ಕೈಗೆ ಇನ್ಯಾರೋ ಗ್ಲಾಸು ಕೊಟ್ಟರು, ಆಮೇಲೆ ಮತ್ತೊಬ್ಬರು.

“ಆಪಾ! ಆಪಾ, ಏಳ! ದ್ರಾಕ್ಷಿ ಹೆಂಗೋ ಮಾಡಾಕತ್ಯಾಳ!”

ಸುನಂದಾ ಕೆನ್ನೆಗೆ ಹೊಡೆದಾಗ ಇಶ್ರತ ಕಣ್ಣು ಬಿಟ್ಟಳು. ಸೋಫಾದ ಹಿಂದೆ ದ್ರಾಕ್ಷಾಯಣಿ ಅಂಗಾತ ಬಿದ್ದಿದ್ದಳು. ಗಂಟಲಲ್ಲಿ ಗೊರಗೊರ ಸದ್ದು, ತುಟಿ ನೇರಳೆ. ಇಶ್ರತ ಅಂಬೆಗಾಲಿಟ್ಟು ಹೋಗಿ ಅವಳನ್ನು ಮಗ್ಗುಲಿಗೆ ಹೊರಳಿಸಿ, ಬಾಯಲ್ಲಿ ಬೆರಳಿಟ್ಟು ವಾಂತಿ ತೆಗೆದಳು.

“ನೂರಾ ಎಂಟಕ್ಕ ಫೋನ್ ಹಚ್ರಿ!”

“ಯಾವನಾದ್ರೂ ಫೋನ್ ಮುಟ್ಟಿದ್ರ ಕೈ ಕತ್ತರಿಸ್ತೇನಿ,” ಎಂದ ಸಾವಕಾರ. ಹಣೆಯ ಮೇಲೆ ಕೆಂಪು ಗೀಟು ಹಾಗೇ ಇತ್ತು. “ಅಂಬೇವಾಡಿ ರೋಡಿಗೆ ಒಗದು ಬರ್ರಿ ಇವ್ರನ್ನ. ಸತ್ರ ಅಲ್ಲೇ ಸಾಯ್ಲಿ.”

ಹೊರಗೆ ಕಾರುಗಳು ಒಂದರ ಹಿಂದೊಂದು ಶುರುವಾದವು. ಮೊದಲು ಹೋದದ್ದು ಸರ್ಕಾರಿ ಬೋರ್ಡಿನ ಜೀಪು. ಮೂವರನ್ನೂ ರಬ್ಬರ್ ದೋಣಿ ಹೊರುವ ಪಿಕಪ್ಪಿಗೆ ಹಾಕಿದರು. ಡ್ರೈವರ್ ಪರಸಪ್ಪ ಅಂಬೇವಾಡಿ ತಿರುವಿನಲ್ಲಿ ತಿರುಗಲಿಲ್ಲ, ನೇರ ಆಸ್ಪತ್ರೆಗೆ ಹೊಡೆದ. ಇಳಿಸುವಾಗ, “ಸಾವಕಾರ ಕೇಳಿದ್ರ ರೋಡಿಗೆ ಒಗದೆ ಅಂತೇನಿ. ನೀವೂ ಹಂಗ ಅನ್ರಿ,” ಎಂದ.

ಆಸ್ಪತ್ರೆಯಲ್ಲಿ ಗಂಡಸರ ವಾರ್ಡೋ ಹೆಂಗಸರ ವಾರ್ಡೋ ಎಂಬ ಚರ್ಚೆ ನಡೆಯಿತು. ಅದು ಮುಗಿಯದ್ದರಿಂದ ಎರಡೂ ವಾರ್ಡುಗಳ ನಡುವಿನ ಓಣಿಯಲ್ಲೇ ಕಾಟು ಹಾಕಿ ಆಕ್ಸಿಜನ್ ಕೊಟ್ಟರು. ಆಧಾರ್ ಕಾರ್ಡಿನಲ್ಲಿದ್ದಂತೆ ಕಾಟಿಗೆ ‘ವೀರೇಶ’ ಎಂದು ಚೀಟಿ ಕಟ್ಟಿದರು. ಮಳಗಿ ಊರಿನಲ್ಲಿ ಹುಟ್ಟಿದಾಗ ಇಟ್ಟ ಹೆಸರು ಅದು. ದ್ರಾಕ್ಷಾಯಣಿ ಎಂಬುದು ಅವಳ ಅಜ್ಜಿಯ ಹೆಸರು. ಮನೆಯವರು ಹೊರಗೆ ಹಾಕಿದಾಗ ಅವಳು ಯಾರನ್ನೂ ಕೇಳದೆ ಎತ್ತಿಕೊಂಡು ಬಂದ ಆಸ್ತಿ ಅದೊಂದೇ.

“ವಾಂತಿ ಶ್ವಾಸಕೋಶಕ್ಕ ಹೋಗೈತಿ. ಎಚ್ಚರ ಆದ್ರ ಆತು,” ಎಂದಳು ನರ್ಸು. “ನಮ್ಮ ಕಡೆ ಮಂದಿ ಇಲ್ಲ. ಒಬ್ರು ಕಣ್ಣು ಮಿಟುಕಿಸದ ಉಸಿರು ನೋಡ್ರಿ. ನಿಂತ್ರ ಒದರ್ರಿ.”

ಸುನಂದಾ ಔಷಧಿ ಚೀಟಿ ಹಿಡಿದು ಓಡಾಡಿದಳು, ಇಶ್ರತ ಕೂತು ನೋಡಿದಳು. ನಶೆ ಇಳಿಯುತ್ತ ಬಂದಂತೆ ದ್ರಾಕ್ಷಾಯಣಿಯ ಮುಂಗೈ ಮೇಲಿನ ಗೀಟು ನಿಚ್ಚಳವಾಗಿ ಕಾಣತೊಡಗಿತು. ಉಗುಳು ಹಚ್ಚಿ ಒರೆಸಿದಳು, ಹೋಗಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು. ಮೂಗು ಒರೆಸಿಕೊಳ್ಳಲು ಸೆರಗು ಎಳೆದಾಗ ಗಂಟು ಕೈಗೆ ಸಿಕ್ಕಿತು. ಉಂಗುರಗಳೆಲ್ಲ ಅಲ್ಲೇ ಇದ್ದವು.

ಸಂಜೆಯಿಂದ ಫೋನುಗಳು ಶುರುವಾದವು. ಎಲ್ಲರಿಗೂ ಅವಳದು ಒಂದೇ ಉತ್ತರ. “ಐತ್ರೀ, ಜ್ವಾಕಿ ಐತಿ. ಆಸ್ಪತ್ರಿಗೆ ಬರ್ರಿ. ಒಂದು ತಾಸು ಆಕಿ ಉಸಿರು ನೋಡ್ಕೋತ ಕುಂದರ್ರಿ, ಒಯ್ರಿ.”

ಮೊದಲು ಬಂದವನು ದಾನಿಶ. ಕೂತ. ತಾಸು ಮುಗಿದ ಮೇಲೆ ಉಂಗುರ ಹಾಕಿಕೊಂಡು ಮತ್ತೊಂದು ತಾಸು ಕೂತ. ಹುಬ್ಬಳ್ಳಿಯವನು ಮುಖಕ್ಕೆ ಮಾಸ್ಕು ಹಾಕಿಕೊಂಡು ಬಂದ. ಗೋವಾದವನು ಕೂತಲ್ಲೇ ಸದ್ದಿಲ್ಲದೆ ಅತ್ತ. ಬೆಳಗಾವಿಯವನೊಬ್ಬ ಉಂಗುರದ ಬದಲು ನೋಟು ಹಿಡಿದ. “ರೊಕ್ಕಕ್ಕ ಕಣ್ಣಿಲ್ರೀ,” ಎಂದಳು ಇಶ್ರತ. ಅವನೂ ಕೂತ. ಬೆಳಗಾಗುವ ಹೊತ್ತಿಗೆ ಗಂಟಿನಲ್ಲಿ ಒಂದೇ ಉಂಗುರ ಉಳಿದಿತ್ತು.

ಸೋಮವಾರ ಬೆಳಿಗ್ಗೆ ಪಾಳಿ ಬದಲಿಸುವ ಮಿಲ್ಲಿನ ಸೈರನ್ ಕೂಗುವ ಹೊತ್ತಿಗೆ ಅಡಿವೆಯ್ಯ ಸಾಹೇಬ ಬಂದ, ಜೊತೆಗೆ ಜ್ಯೋತಿಬಾ ಸಾವಕಾರ. ಓಣಿಯ ತುಂಬ ಚೀಟಿ ಮಾಡಿಸಲು ಬಂದ ಹಳ್ಳಿಯ ಮಂದಿ. ಸಾಹೇಬನನ್ನು ಕಂಡು ಇಬ್ಬರು ಎದ್ದು ನಿಂತು ಕೈ ಮುಗಿದರು.

“ಕಳ್ಳ ರಂಡೆ, ಉಂಗುರ ಕೊಡು. ಇಲ್ಲಂದ್ರ ಕೇಸ್ ಹಾಕಿಸ್ತೇನಿ,” ಎಂದ ಸಾವಕಾರ.

“ಹಾಕಿಸ್ರಿ. ಎಲ್ಲಿ ಕಳೀತು, ಯಾಕ ಬಿಚ್ಚಿದ್ರಿ ಅಂತ ಸಾಹೇಬ್ರ ಬಂದು ಬರೆಸ್ಲಿ.”

ಸಾಹೇಬ ಸಾವಕಾರನಿಗೆ ಸುಮ್ಮನಿರಲು ಸನ್ನೆ ಮಾಡಿದ. ದನಿ ತಗ್ಗಿಸಿ, “ಒಂದು ತಾಸು ಅಷ್ಟ ಅಲ್ಲ?” ಎಂದ.

“ಉಳಿದವ್ರಿಗೆ ತಾಸು. ನಿಮಗ ಪೂರಾ ಪಾಳಿ. ಈ ಸೈರನ್ನಿಂದ ಮುಂದಿನ ಸೈರನ್ ತನಕ.”

“ಹುಚ್ಚಿ, ನನಗ ಆಫೀಸ್ ಐತಿ.”

“ನನಗೂ ನಿನ್ನೆ ಪಾಳಿ ಇತ್ರೀ. ನೀವು ಕುಡಿಸಿದ್ರಿ.”

ಸಾಹೇಬ ತನ್ನ ಬೋಳು ಬೆರಳು ನೋಡಿಕೊಂಡ. ಸ್ಟೂಲಿನ ಮೇಲೆ ಕೂತ. ಸಾವಕಾರ ಮೊಬೈಲು ಕಿವಿಗಿಟ್ಟುಕೊಂಡು ಹೊರಗೆ ಹೋದ. ಇಶ್ರತ ಕಾಟಿನ ಪಕ್ಕ ನೆಲದ ಮೇಲೆ ಸೆರಗು ಹಾಸಿದಳು.

“ಉಸಿರು ನಿಂತ್ರ?” ಎಂದ ಸಾಹೇಬ.

“ಒದರ್ರಿ. ಹೆಸರ ಹಿಡದು ಒದರ್ರಿ.”

ಅವನು ಕಾಟಿನ ಚೀಟಿ ಓದಿ, “ವೀರೇಶ,” ಎಂದ.

“ಅದಲ್ರೀ. ಆ ಹೆಸರಿಗೆ ಆಕಿ ಏಳೂದಿಲ್ಲ.”

“ಮತ್ತ ಏನು?”

ಇಷ್ಟು ಭಾನುವಾರ ಈ ಮಲಗಿದ್ದವಳ ಜೊತೆ ಕುಣಿದವನು, ಕೋಣೆಗೂ ಕರೆದೊಯ್ದವನು. ಇಶ್ರತ ಹೆಸರು ಹೇಳಿದಳು. ಅವನು ಅದನ್ನು ಬಾಯೊಳಗೇ ಅಂದುಕೊಂಡ.

“ಹಂಗಂದ್ರ ಯಾರಿಗೆ ಕೇಳ್ತೈತ್ರೀ? ಈಗ ಒಮ್ಮೆ ಒದರಿ ತೋರಸ್ರಿ. ನಿಮ್ಮ ದನಿ ಬರ್ತೈತೋ ಇಲ್ಲೋ ಗೊತ್ತಾಗಬೇಕು, ಆಮ್ಯಾಲ ನಾ ಮಲಗ್ತೇನಿ.”

ಸಾಹೇಬ ಓಣಿಯ ಮಂದಿಯನ್ನು ನೋಡಿದ. ಇಶ್ರತ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಕಾಯುತ್ತಿದ್ದಳು. ಅವನು ಗಂಟಲು ಸರಿಮಾಡಿಕೊಂಡ.

“ದ್ರಾಕ್ಷಾಯಣೀ!”

ಓಣಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕೈ ಮುಗಿದಿದ್ದ ಇಬ್ಬರೂ ನೋಡಿದರು. ಕಾಟಿನ ಮೇಲಿದ್ದವಳು ಮಾತ್ರ ಕಣ್ಣು ಬಿಡಲಿಲ್ಲ.

“ಹಾಂ, ಇಷ್ಟ ಜೋರ ಬೇಕು,” ಎಂದು ಇಶ್ರತ ಗೋಡೆ ಕಡೆ ಮಗ್ಗುಲಾಗಿ ಮಲಗಿದಳು.