ಹತ್ತನೇ ಮಗು

ನಮ್ಮ ಶಾಲೆಯಲ್ಲಿ ಒಂಬತ್ತು ಮಕ್ಕಳು. ಐದು ಹೆಣ್ಣು, ನಾಲ್ಕು ಗಂಡು. ಒಂದನೇ ತರಗತಿಗೆ ಈ ವರ್ಷ ಒಂದು ನರಪಿಳ್ಳೆಯೂ ಸೇರಿಲ್ಲ. ಕೋಣೆ ಒಂದೇ, ಟೀಚರೂ ಒಬ್ಬಳೇ, ಅದು ನಾನು. ಉಳಿದ ನಾಲ್ಕು ತರಗತಿಗೆ ನಾಲ್ಕು ಗೋಡೆ. ಒಂದೊಂದು ತರಗತಿಯವರು ಒಂದೊಂದು ಗೋಡೆಗೆ ಮುಖ ಮಾಡಿ ಕೂರುತ್ತಾರೆ. ನಾನು ನಡುವೆ ನಿಂತು ಗಿರಗಿಟ್ಟಲೆಯ ಹಾಗೆ ಸುತ್ತುತ್ತೇನೆ. ಹನ್ನೆರಡು ವರ್ಷದಿಂದ ಇದೇ ಪಾಡು.

ಇಲಾಖೆಯವರು ಫಾರಂ ಕಳಿಸಿದ್ದಾರೆ. ಮನೆಮಾತು ಏನು, ಅಪ್ಪನ ಕೆಲಸ ಏನು, ಅಂಗವೈಕಲ್ಯ ಇದೆಯೇ... ಒಂಬತ್ತು ಮಕ್ಕಳಿಗೆ ಇಪ್ಪತ್ತೆರಡು ಕಾಲಂ! ಕೊನೆಗೆ ದಪ್ಪಕ್ಷರದಲ್ಲಿ: ನಾಳೆ ಎಣಿಕೆ, ಹತ್ತಕ್ಕಿಂತ ಕಡಿಮೆ ಇದ್ದರೆ ಶಾಲೆ ಮುಚ್ಚಲಾಗುವುದು. ಮುಚ್ಚಿದರೆ ಈ ಮಕ್ಕಳು ಹೆದ್ದಾರಿ ದಾಟಿ ನಾಲ್ಕು ಕಿಲೋಮೀಟರ್ ನಡೆಯಬೇಕು. ಕಲ್ಲು ಒಡೆಯುವವನ ಮಗಳು ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ಬರುತ್ತಾಳೆ. ಅವಳು ನಡೆಯುತ್ತಾಳಾ? ಮನೆಯಲ್ಲೇ ಕೂರುತ್ತಾಳೆ. ನೆನೆಸಿಕೊಂಡರೇ ಮೈ ಉರಿಯುತ್ತದೆ.

ಹತ್ತನೇ ಮಗುವಿಗಾಗಿ ಸಂಜೆ ಮನೆಮನೆ ತಿರುಗಿದೆ. ಎಲ್ಲರ ಮಕ್ಕಳೂ ಹಳದಿ ಬಸ್ಸು ಹತ್ತಿ ಖಾಸಗಿ ಶಾಲೆಗೆ ಹೋಗುವವರೇ. ಮೂರು ಮನೆಯವರು "ನೋಡೋಣ ಮಿಸ್" ಎಂದು ಸಾಗಹಾಕಿದರು. ನಾಲ್ಕನೆಯದು ದರ್ಜಿ ಹೆಂಗಸಿನ ಮನೆ. ಅವಳ ಮಗನಿಗೆ ಆರು ವರ್ಷ. ಅವರ ಮನೆಗೂ ನಮ್ಮ ಶಾಲೆಗೂ ನಡುವೆ ಇರುವುದು ಒಂದೇ ಗೋಡೆ. ಅಷ್ಟು ಹೊತ್ತಿಗೆ ನನ್ನ ತಾಳ್ಮೆ ಮುಗಿದಿತ್ತು.

"ಏನಮ್ಮಾ, ಪಕ್ಕದಲ್ಲೇ ಶಾಲೆ ಇಟ್ಕೊಂಡು ಮಗೂನ ಬಸ್ಸಿಗೆ ತುಂಬ್ತೀಯಲ್ಲ, ನಾಚಿಕೆ ಆಗಲ್ವಾ? ನಾನೇನು ಅಲ್ಲಿ ನೊಣ ಹೊಡೀತಾ ಕೂತಿದ್ದೀನಾ? ಟೈ ಕಟ್ಟಿದ ತಕ್ಷಣ ಬುದ್ಧಿ ಬಂದುಬಿಡುತ್ತಾ?"

ಅವಳು ಮಷೀನು ನಿಲ್ಲಿಸಲೇ ಇಲ್ಲ. ಹೊಲಿಗೆ ಮುಗಿಸಿ, ದಾರವನ್ನು ಹಲ್ಲಲ್ಲಿ ಕಡಿದು, ಕೈಲಿದ್ದ ನೀಲಿ ಅಂಗಿ ಕೊಡವಿ ನನ್ನ ಮುಂದೆ ಹಿಡಿದಳು.

"ಈ ಹಳದಿ ಬಸ್ಸಿನ ಶಾಲೆ ಯೂನಿಫಾರಂ ಯಾರದ್ದು ಗೊತ್ತಾ ಮಿಸ್? ನಿಮ್ಮ ಮಗಳದ್ದು. ಮೊನ್ನೆ ನಿಮ್ಮ ಯಜಮಾನ್ರು ಅಳತೆ ಕೊಟ್ಟು ಹೋದ್ರು. ಗುಂಡಿ ಕಾಜಾ ಒಂದು ಬಾಕಿ, ಕೂತಿರಿ, ಹಾಕಿಕೊಡ್ತೀನಿ."

ಕಪಾಳಕ್ಕೆ ಬಾರಿಸಿದ ಹಾಗಾಯಿತು. "ಅದು... ಅದು ಬೇರೆ ವಿಷಯ" ಎಂದೆ.

"ಹೌದು ಬಿಡಿ," ಎಂದಳು. "ದೊಡ್ಡೋರ ವಿಷಯ ಯಾವಾಗ್ಲೂ ಬೇರೇನೇ."

ಅಲ್ಲಿಂದ ನೇರ ಮನೆಗೆ ಬಂದು ಗಂಡನ ಮೇಲೆ ಹಾರಾಡಿದೆ. "ಆ ಅಂಗಿ ಹೊಲಿಸೋಕೆ ಬೇರೆ ದರ್ಜಿ ಸಿಗಲಿಲ್ವಾ ನಿಮಗೆ?"

ಅವರು ಪೇಪರಿನಿಂದ ತಲೆ ಎತ್ತಿದರು. "ಬೇರೆಯವರು ಹೊಲಿದಿದ್ರೆ ಮಗಳು ನಿನ್ನ ಶಾಲೇಲಿ ಓದ್ತಿದ್ಲಾ?"

"ನಾಳೆಯಿಂದ ಓದ್ತಾಳೆ!"

ಅವರು ನಕ್ಕರು. ನನಗೆ ನಗು ಬರಲಿಲ್ಲ. ಮಗಳನ್ನು ಕರೆದೆ. ಅವಳಿಗೆ ಎಂಟು ವರ್ಷ.

"ಪುಟ್ಟಿ, ನಾಳೆಯಿಂದ ನೀನು ಅಮ್ಮನ ಶಾಲೆಗೆ ಬರ್ಬೇಕು."

ಅವಳ ತುಟಿ ನಡುಗಿತು. "ಯಾಕಮ್ಮಾ? ಈ ಸಲ ಲೆಕ್ಕದಲ್ಲಿ ನಂಗೆ ಒಳ್ಳೇ ಮಾರ್ಕ್ಸೇ ಬಂದಿದೆಯಲ್ಲಾ?"

ಮಾರ್ಕ್ಸು ಕಡಿಮೆ ಬಂದಾಗಲೆಲ್ಲ ನಾನೇ ಅವಳನ್ನು ಹೆದರಿಸುತ್ತಿದ್ದೆ: ಸರಿಯಾಗಿ ಓದದಿದ್ದರೆ ಎಳೆದುಕೊಂಡು ಹೋಗಿ ನನ್ನ ಶಾಲೆಗೆ ಹಾಕುತ್ತೇನೆ ನೋಡು, ಅಂತ. ಊರವರಿಗೆಲ್ಲ ಉಗಿದು ಬಂದದ್ದೂ ಇದೇ ಬಾಯಿ. ಥೂ, ನನ್ನ ಜನ್ಮಕ್ಕಿಷ್ಟು!

"ತಪ್ಪು ನಿಂದಲ್ಲ ಕಣೇ, ನಂದು" ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಅಳು ಜೋರಾಯಿತು. ಅವಳು ಅಳುತ್ತಿರುವಾಗಲೇ ಫಾರಂ ತೆಗೆದು ಅವಳ ಹೆಸರು ಬರೆದೆ.